ಅಂಜಿಕೆಯನ್ನು ಗೆದ್ದ ಕಾಯಕಯೋಗಿ: ರಾವಬಹಾದ್ದೂರ ಫ. ಗು. ಹಳಕಟ್ಟಿಯವರು

ಮನುಷ್ಯನ ಸತ್ಕಾರ್ಯಗಳಿಗೆ ಹೊರಗಿನ ಶತ್ರುಗಳು ಕೆಲವರಾದರೆ ಒಳಗಿನ ಶತ್ರುಗಳು ಹಲವರು. ಬಡತನವೂ ಜನರ ಉದಾಸೀನವೂ ಹೊರಗಿನ ಅಡ್ಡಿಗಳು. ಇವನ್ನು ಕಂಡು ಮನಸ್ಸಿನೊಳಗೆ ಹುಟ್ಟುವ ಅಂಜಿಕೆಯೂ, ಈ ಕೆಲಸವು ನನ್ನಿಂದಾದೀತೇ ಎಂಬ ಶಂಕೆಯೂ ಒಳಗಿನ ಅಡ್ಡಿಗಳು. ಹೊರಗಿನ ಅಡ್ಡಿಯು ಕಾರ್ಯವನ್ನು ತಡಮಾಡಬಲ್ಲುದು. ಒಳಗಿನ ಅಡ್ಡಿಯಾದರೋ ಅದನ್ನು ಮೊಳೆಯುವ ಮೊದಲೇ ಸುಟ್ಟುಬಿಡುವುದು. ಆದುದರಿಂದಲೇ ನಮ್ಮ ಶರಣರು ಕಾಯಕಕ್ಕೆ ಅಷ್ಟು ಹಿರಿದಾದ ಸ್ಥಾನವನ್ನು ಕೊಟ್ಟರು. ಕೈ ಕೆಲಸದಲ್ಲಿ ತೊಡಗಿದಾಗ ಮನಸ್ಸಿಗೆ ಅಂಜಲು ಬಿಡುವಿರುವುದಿಲ್ಲ. ಈ ತತ್ತ್ವವನ್ನು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟ ಪುಣ್ಯಪುರುಷರಲ್ಲಿ ವಚನ ಪಿತಾಮಹರೆಂದು ನಾಡೆಲ್ಲ ಕೊಂಡಾಡುವ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಅಗ್ರಗಣ್ಯರು.

ಹಳಕಟ್ಟಿಯವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು; ಕನ್ನಡದಲ್ಲಿ ಗ್ರಂಥಗಳನ್ನು ರಚಿಸಿದವರು. ತಾಯಿ ದಾನಾದೇವಿಯವರು ಮಗನ ಎಳವೆಯಲ್ಲಿಯೇ ಲಿಂಗೈಕ್ಯರಾದರು. ತಾಯಿಯಿಲ್ಲದ ಕೂಸಿಗೆ ತಂದೆಯ ಪುಸ್ತಕಗಳೇ ಒಡನಾಡಿಗಳಾದವು. ಕನ್ನಡ ಮಾತಾಡುವ ಜಿಲ್ಲೆಗಳು ಮುಂಬಯಿ ಇಲಾಖೆಯ ಒಂದು ಮೂಲೆಯಾಗಿದ್ದ ಆ ಕಾಲದಲ್ಲಿ ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಮರಾಠಿಯ ಪ್ರಾಬಲ್ಯವು ಹೆಚ್ಚಾಗಿತ್ತು. ಕನ್ನಡಿಗನೇ ಕನ್ನಡದ ಯೋಗ್ಯತೆಯನ್ನು ಶಂಕಿಸುತ್ತಿದ್ದ ದಿನಗಳವು.

ಧಾರವಾಡದ ಶಿಕ್ಷಣವನ್ನು ಮುಗಿಸಿದ ತರುಣನು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿ 1901ರಲ್ಲಿ ಬಿ. ಎ. ಪದವಿಯನ್ನೂ, 1904ರಲ್ಲಿ ಕಾಯಿದೆಯ ಪದವಿಯನ್ನೂ ಪಡೆದನು. ಮುಂಬಯಿಯಲ್ಲಿ ಮರಾಠಿಗರೂ ಗುಜರಾತಿಗಳೂ ತಮ್ಮ ತಮ್ಮ ನುಡಿಗಾಗಿ ಮಾಡುತ್ತಿದ್ದ ಉದ್ಯೋಗಗಳು ಅವನ ಕಣ್ಣೆದುರಿಗಿದ್ದವು. ಕನ್ನಡಕ್ಕೆ ಅಂತಹದೇನಿದೆಯೆಂದು ಯಾರಾದರೂ ಕೇಳಿದ್ದರೆ ಅಂದಿನ ಓದಿದ ಕನ್ನಡಿಗರಲ್ಲಿ ಹಲವರು ತಲೆತಗ್ಗಿಸುತ್ತಿದ್ದರು.

ಅದಕ್ಕೆ ಉತ್ತರವು ಹಳಕಟ್ಟಿಯವರಿಗೆ ರಬಕವಿಯಲ್ಲಿ ದೊರೆಯಿತು. ಅಲ್ಲಿಯ ಮಂಚಾಲೆಯವರ ಮನೆಯಲ್ಲಿ ಅವರು ಕೆಲವು ತಾಡವೋಲೆಯ ಕಟ್ಟುಗಳನ್ನು ಕಂಡರು. ಷಟ್‌ಸ್ಥಲ ತಿಲಕವೂ ಪ್ರಭುದೇವರ ವಚನಗಳೂ ಅವುಗಳಲ್ಲಿದ್ದವು. ಏಳು ನೂರು ವರುಷಗಳ ಹಿಂದೆ ಕಲ್ಯಾಣದಲ್ಲಿ ಶರಣರು ಆಡಿದ ನುಡಿಗಳು, ಜನಸಾಮಾನ್ಯರ ತಿಳಿಗನ್ನಡದಲ್ಲಿ, ಪರಶಿವನ ನಿಲವನ್ನೂ ಮನುಷ್ಯನ ನಡತೆಯನ್ನೂ ಒಟ್ಟಿಗೆ ಹೇಳುವ ಆ ವಾಕ್ಯಗಳು, ಒಂದು ಮನೆಯ ಗೂಡಿನಲ್ಲಿ ಧೂಳು ಹಿಡಿದು ಕುಳಿತಿದ್ದವು. ಈ ಮನೆಯಲ್ಲಿ ಇಷ್ಟಿದ್ದರೆ ನಾಡಿನ ಉಳಿದ ಮನೆಗಳಲ್ಲಿಯೂ ಮಠಗಳಲ್ಲಿಯೂ ಇನ್ನೆಷ್ಟಿರಬಹುದು! ಹುಳವೂ ಗೆದ್ದಲೂ ಅವನ್ನು ತಿಂದು ಮುಗಿಸುವುದಕ್ಕೆ ಇನ್ನೆಷ್ಟು ಕಾಲ ಬೇಕು! ಅವರ ಜೀವಿತದ ಗುರಿಯು ಇಲ್ಲಿಗೆ ನಿಶ್ಚಿತವಾಯಿತು.

ಗುರಿಯು ಕಂಡೊಡನೆ ದಾರಿಯು ಕಾಣುವುದಿಲ್ಲ. ಹಳಕಟ್ಟಿಯವರ ಮುಂದಿದ್ದ ಅಡ್ಡಿಗಳನ್ನು ಎಣಿಸಿದರೆ ಎಂತಹ ಧೈರ್ಯಶಾಲಿಯ ಎದೆಯೂ ನಡುಗುವಂತಿತ್ತು. ಅವರು ಪಂಡಿತ ಪರಂಪರೆಯಲ್ಲಿ ಬೆಳೆದವರಲ್ಲ, ಓದಿದ್ದು ಕಾಯಿದೆಯನ್ನು. ಅರಸರ ಆಶ್ರಯವಾಗಲಿ ವಿಶ್ವವಿದ್ಯಾಲಯದ ಬೆಂಬಲವಾಗಲಿ ಅವರಿಗಿರಲಿಲ್ಲ. ವಚನಗಳು ಕಾವ್ಯವೇ ಅಲ್ಲವೆಂದು ತಿಳಿದ ವಿದ್ವಾಂಸರು ಒಂದು ಕಡೆಗೆ, ಅವು ಪೂಜೆಗೆ ಮಾತ್ರ ಸಲ್ಲುವುವೆಂದು ತಿಳಿದ ಭಕ್ತರು ಇನ್ನೊಂದು ಕಡೆಗೆ. ಇವರಿಬ್ಬರ ನಡುವೆ ಅವನ್ನು ಕೊಂಡು ಓದುವವರು ಯಾರು? ಒಬ್ಬ ವಕೀಲನು ತನ್ನ ಸಂಪಾದನೆಯನ್ನು ಈ ಹಳೆಯ ಗರಿಗಳ ಮೇಲೆ ಸುರಿದರೆ ಹೆಂಡಿರು ಮಕ್ಕಳ ಗತಿಯೇನು? ಇಂತಹ ಪ್ರಶ್ನೆಗಳು ಗೃಹಸ್ಥನಾದ ಯಾವನಿಗೂ ಸಹಜವಾದವುಗಳೇ. ಹಳಕಟ್ಟಿಯವರ ಹಿರಿಮೆಯು ಈ ಪ್ರಶ್ನೆಗಳಿಗೆ ಮೊದಲು ಉತ್ತರವು ದೊರೆಯಲಿ, ಆಮೇಲೆ ಕೆಲಸವೆಂದು ಕಾಯದೆ ಇದ್ದುದರಲ್ಲಿದೆ. ಅವರು ಒಂದು ಕಟ್ಟನ್ನು ಬಿಚ್ಚಿದರು. ಒಂದು ಗರಿಯನ್ನು ಓದಿದರು. ಮರುದಿನ ಇನ್ನೊಂದನ್ನು ಓದಿದರು.

ಬೆಳಗಾವಿಯಲ್ಲಿ ವಕೀಲಿಯನ್ನು ಆರಂಭಿಸಿದ ಅವರು ಬೇಗನೆ ಅಂದಿನ ಬಿಜಾಪುರಕ್ಕೆ, ಎಂದರೆ ಇಂದಿನ ವಿಜಯಪುರಕ್ಕೆ, ಬಂದು ನೆಲಸಿದರು. ಬುದ್ಧಿಯೂ ಪ್ರಾಮಾಣಿಕತೆಯೂ ಕೂಡಿದ್ದುದರಿಂದ ವೃತ್ತಿಯು ಕೈಗೂಡಿತು. ಮುಂದೆ ಸರಕಾರಿ ವಕೀಲರೂ ಆದರು. ಬರಗಾಲಕ್ಕೆ ಹೆಸರಾದ ಆ ಜಿಲ್ಲೆಯಲ್ಲಿ ವಿದ್ಯೆಯೂ ಹಣವೂ ಎರಡೂ ದುರ್ಲಭವಾಗಿದ್ದವು. 1910ರಲ್ಲಿ ಬಿಜಾಪುರದ ಲಿಂಗಾಯತ ವಿದ್ಯಾವರ್ಧಕ ಸಂಘವನ್ನು ಕಟ್ಟುವುದರಲ್ಲಿಯೂ, 1912ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಸ್ಥಾಪಿಸುವುದರಲ್ಲಿಯೂ ಅವರು ಮುಂದಾಳುಗಳಾದರು. ಹಗಲು ನ್ಯಾಯಾಲಯಕ್ಕೂ ಊರಿನ ಕೆಲಸಕ್ಕೂ ಸಲ್ಲುತ್ತಿತ್ತು. ಇರುಳು ತಾಡವೋಲೆಗೆ ಸಲ್ಲುತ್ತಿತ್ತು.

ತಾಡವೋಲೆಯನ್ನು ಓದುವ ಕೆಲಸವು ಎಷ್ಟು ಕಠಿಣವೆಂಬುದು ಮಾಡಿದವರಿಗಲ್ಲದೆ ತಿಳಿಯದು. ಕಂಟದಿಂದ ಗರಿಯ ಮೇಲೆ ಕೊರೆದ ಅಕ್ಷರಗಳಿಗೆ ಮಸಿಯನ್ನು ಪೂಸಿ ಒರೆಸಿದಲ್ಲದೆ ಅವು ಕಣ್ಣಿಗೆ ಕಾಣವು. ಶಬ್ದಶಬ್ದಗಳ ನಡುವೆ ತೆರಪಿಲ್ಲ. ಒಂದು ವಚನವು ಮುಗಿದು ಇನ್ನೊಂದು ಎಲ್ಲಿ ಮೊದಲಾಗುವುದೆಂದು ಅಂಕಿತವನ್ನು ನೋಡಿಯೇ ತಿಳಿಯಬೇಕು. ಗರಿಗಳ ಅಂಚು ಮುರಿದಿರುತ್ತದೆ. ದಾರದ ತೂತಿನ ಸುತ್ತಲೂ ಅಕ್ಷರಗಳು ಸವೆದಿರುತ್ತವೆ. ಲಿಪಿಕಾರನು ಕಣ್ತಪ್ಪಿ ಬಿಟ್ಟ ಮಾತನ್ನು ಇನ್ನೊಂದು ಊರಿನ ಇನ್ನೊಂದು ಪ್ರತಿಯಿಂದ ತುಂಬಿಕೊಳ್ಳಬೇಕು. ಆ ಇನ್ನೊಂದು ಪ್ರತಿಯಾದರೂ ಸುಲಭವಾಗಿ ದೊರೆಯುವುದೇ? ಎಷ್ಟೋ ಮನೆಗಳಲ್ಲಿ ಕಟ್ಟುಗಳನ್ನು ವಸ್ತ್ರದಲ್ಲಿ ಸುತ್ತಿ ಜಗುಲಿಯ ಮೇಲಿಟ್ಟು, ವಿಭೂತಿ ಹೂಪತ್ರೆಗಳಿಂದ ಪೂಜಿಸುತ್ತಿದ್ದರು. ಬಿಚ್ಚಿ ತೋರಿಸಲು ಅಂಜುತ್ತಿದ್ದರು. ಪೂಜಿಸುವವರ ಭಕ್ತಿಯನ್ನು ನೋಯಿಸದೆ, ಅವರ ಅಂಜಿಕೆಯನ್ನು ಮೆಲ್ಲನೆ ಕಳೆದು, ಓದಲು ಬೇಡಿ ತರಬೇಕಾಗಿತ್ತು. ತನ್ನ ಅಂಜಿಕೆಯನ್ನು ಗೆದ್ದವನೇ ಇನ್ನೊಬ್ಬರ ಅಂಜಿಕೆಯನ್ನು ಕಳೆಯಬಲ್ಲನು. ಊರೂರು ತಿರುಗಿ, ಮಠಮಠಗಳಲ್ಲಿ ವಿನಂತಿಸಿ, ಅವರು ನೂರಾರು ಕಟ್ಟುಗಳನ್ನು ಕೂಡಿಸಿದರು. ಹೆಸರು ಸಹ ಮರೆತುಹೋಗಿದ್ದ ಶರಣರು ಒಬ್ಬೊಬ್ಬರಾಗಿ ಆ ಗರಿಗಳಿಂದ ಎದ್ದು ಬಂದರು. ಹೀಗೆ ಬೆಳಕಿಗೆ ಬಂದ ವಚನಕಾರರು ಇನ್ನೂರಕ್ಕೂ ಮಿಕ್ಕಿದರು. ಅಗಸರು, ಅಂಬಿಗರು, ಸೌದೆ ಹೊರುವವರು, ಅಕ್ಕಿಯನ್ನು ಆಯುವ ಶರಣೆಯರು, ಎಲ್ಲರೂ ಆ ಬಳಗದಲ್ಲಿದ್ದರು.

ಆಯ್ದ ವಚನಗಳನ್ನು ಷಟ್‌ಸ್ಥಲದ ಕ್ರಮಕ್ಕನುಸರಿಸಿ ವಿಷಯವಾರಾಗಿ ಜೋಡಿಸಿ ಅವರು ವಚನಶಾಸ್ತ್ರಸಾರವೆಂಬ ಗ್ರಂಥವನ್ನು ಸಿದ್ಧಗೊಳಿಸಿದರು. ಕನ್ನಡ ಮುದ್ರಣದಲ್ಲಿ ಆಗ ಮೇಲಾದ ಹೆಸರು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದ್ದು. ಹಸ್ತಪ್ರತಿಯು ಅಲ್ಲಿಗೆ ಹೋಯಿತು. ತಿಂಗಳುಗಳು ಕಳೆದವು. ಕೊನೆಗೆ ಅದು ಅಚ್ಚಾಗದೆಯೇ ಮರಳಿ ಬಂದಿತು.

ಹಳಕಟ್ಟಿಯವರ ಚರಿತ್ರದಲ್ಲಿ ಇದಕ್ಕಿಂತ ಕಠಿಣವಾದ ಗಳಿಗೆಯು ಬೇರೊಂದಿಲ್ಲ. ವರುಷಗಟ್ಟಲೆ ಇರುಳು ನಿದ್ದೆಗೆಟ್ಟು ಮಾಡಿದ ಕೆಲಸವು ಮೇಜಿನ ಮೇಲೆ ಹಾಗೆಯೇ ಬಂದು ಕುಳಿತಿದೆ. ಇಲ್ಲಿಗೆ ಸಾಕೆಂದು ನಿಲ್ಲಿಸಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ವಕೀಲಿಯಿತ್ತು, ಮನ್ನಣೆಯಿತ್ತು, ಊರಿನ ಸಂಸ್ಥೆಗಳಿದ್ದವು. ಇಂತಹ ಹೊತ್ತಿನಲ್ಲಿ ಶಂಕೆಯು ಹಿತೈಷಿಯ ವೇಷದಲ್ಲಿ ಬರುತ್ತದೆ. ಆಯುಷ್ಯವನ್ನು ಹಾಳುಮಾಡಿಕೊಳ್ಳಬೇಡವೆಂದು ಬುದ್ಧಿ ಹೇಳುತ್ತದೆ. ಹಳಕಟ್ಟಿಯವರು ಹಸ್ತಪ್ರತಿಯನ್ನು ಗೂಡಿಗೆ ಸೇರಿಸಲಿಲ್ಲ. ಬೇರೊಂದು ಅಚ್ಚುಕೂಟವನ್ನು ಹುಡುಕಿದರು. 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಅಚ್ಚಾಗಿ ಹೊರಬಿದ್ದಿತು. ಅದಕ್ಕೆ ಮೊದಲು ಕೆಲವು ವಚನಗಳು ಅಲ್ಲಲ್ಲಿ ಅಚ್ಚಾಗಿದ್ದುದು ನಿಜ. ಆದರೆ ಶರಣಧರ್ಮದ ಒಟ್ಟು ತತ್ತ್ವವನ್ನು ಶರಣರ ಮಾತುಗಳಿಂದಲೇ ಕ್ರಮವಾಗಿ ತಿಳಿಸುವ ಗ್ರಂಥವೊಂದು ಸಾಮಾನ್ಯ ಓದುಗನ ಕೈಗೆ ಬಂದುದು ಇದರಿಂದ. ಕನ್ನಡದ ವಿದ್ವಾಂಸರ ಕಣ್ಣುಗಳು ಬಿಜಾಪುರದ ಕಡೆಗೆ ಹೊರಳಿದವು.

ಒಂದು ಭಾಗವು ಅಚ್ಚಾದರೇನು? ಮನೆಯ ತುಂಬ ಇನ್ನೂ ಕಟ್ಟುಗಳಿದ್ದವು. ಪ್ರತಿಯೊಂದು ಗ್ರಂಥಕ್ಕೂ ಪರಸ್ಥಳದ ಅಚ್ಚುಕೂಟದ ಬಾಗಿಲನ್ನು ಬಡಿಯುತ್ತ ಕುಳಿತರೆ ಆಯುಷ್ಯವು ಸಾಲದೆಂದು ಅವರಿಗೆ ಮನವರಿಕೆಯಾಯಿತು. ಆಗ ಅವರು ಲೋಕದ ಲೆಕ್ಕಕ್ಕೆ ಹುಚ್ಚುತನವೆಂದು ತೋರುವ ಕೆಲಸವನ್ನು ಮಾಡಿದರು. ತಾವು ವಾಸವಾಗಿದ್ದ ಮನೆಯನ್ನು ಮಾರಿ, 1925ರಲ್ಲಿ ಬಿಜಾಪುರದಲ್ಲಿಯೇ ಹಿತಚಿಂತಕವೆಂಬ ಮುದ್ರಣಾಲಯವನ್ನು ತೆರೆದರು. ಸ್ವಂತ ಮನೆಯುಳ್ಳ ವಕೀಲರು ಬಾಡಿಗೆಯ ಮನೆಗೆ ಹೋದರು. ಮನೆಯಿಲ್ಲದೆ ಅಲೆಯುತ್ತಿದ್ದ ವಚನಗಳಿಗೆ ನೆಲೆಯೊಂದು ದೊರೆಯಿತು. ದಾಸೋಹವೆಂದರೆ ಇದೇ ಅಲ್ಲವೇ?

1926ರಲ್ಲಿ ಶಿವಾನುಭವವೆಂಬ ಪತ್ರಿಕೆಯೂ, 1927ರಲ್ಲಿ ನವಕರ್ನಾಟಕವೆಂಬ ವಾರಪತ್ರಿಕೆಯೂ ಅಲ್ಲಿಂದ ಹೊರಟವು. ಮೊಳೆಗಳನ್ನು ಜೋಡಿಸುವವರ ಪಕ್ಕದಲ್ಲಿ ಕುಳಿತು ಕರಡನ್ನು ತಿದ್ದುವುದು, ಲೇಖನಗಳನ್ನು ಬರೆಯುವುದು, ಚಂದಾದಾರರ ಲೆಕ್ಕವನ್ನು ನೋಡುವುದು, ಎಲ್ಲವೂ ಅವರ ಪಾಲಿಗೆ ಬಂದಿತು. ಚಂದಾ ಹಣವು ಬಂದರೆ ಕಾಗದವನ್ನು ಕೊಳ್ಳಬೇಕು. ಬಾರದಿದ್ದರೆ ಸಾಲವನ್ನು ಮಾಡಬೇಕು. ಹೀಗಿದ್ದೂ ಶಿವಾನುಭವವು ಮೂವತ್ತಕ್ಕೂ ಹೆಚ್ಚು ವರುಷ ನಡೆಯಿತು. ಶೂನ್ಯಸಂಪಾದನೆಯು 1930ರಲ್ಲಿ ಅವರಿಂದ ಪ್ರಕಟವಾಯಿತು. ಹರಿಹರ ಕವಿಯ ರಗಳೆಗಳನ್ನೂ ಅವರು ಸಂಪಾದಿಸಿ ಬೆಳಕಿಗೆ ತಂದರು. ವಚನಗಳನ್ನು ಇಂಗ್ಲಿಷಿಗೆ ತಿರುಗಿಸಿ ಪರನಾಡಿನ ವಿದ್ವಾಂಸರ ಗಮನಕ್ಕೂ ತಂದರು.

ವಿದ್ವಾಂಸರ ಪಂಕ್ತಿಯಲ್ಲಿ ತನಗೆ ಎಡೆಯುಂಟೇ ಎಂದು ಶಂಕಿಸಬಹುದಾಗಿದ್ದ ಈ ವಕೀಲರನ್ನು 1926ರಲ್ಲಿ ಕನ್ನಡ ನಾಡು ಬಳ್ಳಾರಿಯ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿತು. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ಬಿಜಾಪುರಕ್ಕೆ ಬಂದಾಗ ಗೋಳಗುಮ್ಮಟವನ್ನು ನೋಡುವ ಮೊದಲು ಹಳಕಟ್ಟಿಯವರೆಂಬ ವಚನದ ಗುಮ್ಮಟವನ್ನು ನೋಡಬೇಕೆಂದರೆಂದು ಪ್ರತೀತಿಯಿದೆ. ಸರಕಾರವು ರಾವಸಾಹೇಬ, ರಾವಬಹಾದ್ದೂರ ಎಂಬ ಬಿರುದುಗಳನ್ನು ಕೊಟ್ಟಿತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಿ. ಲಿಟ್. ಪದವಿಯನ್ನಿತ್ತಿತು. ಬಿರುದುಗಳು ಬಂದವೆಂದು ಬಡತನವು ಹೋಗಲಿಲ್ಲ. ರಾವಬಹಾದ್ದೂರರ ಮೈಮೇಲೆ ಹಳೆಯ ಕೋಟು, ಓಡಾಟಕ್ಕೆ ಸೈಕಲ್ಲು. ನೋಡಿದವರು ಮರುಗಿದರೇ ಹೊರತು ಅವರು ಮರುಗಲಿಲ್ಲ. ಬಡತನವು ಬಂದೀತೆಂಬ ಭಯವು ಬಡತನಕ್ಕಿಂತ ದೊಡ್ಡದು. ಆ ಭಯವನ್ನು ಅವರು ಮನೆಯನ್ನು ಮಾರಿದ ದಿನವೇ ಮಾರಿಬಿಟ್ಟಿದ್ದರು.

1964ನೆಯ ಇಸವಿ ಜೂನ್ 29ರಂದು, ಎಂಬತ್ತನಾಲ್ಕು ವರುಷಗಳು ತುಂಬುವುದಕ್ಕೆ ಮೂರು ದಿನಗಳಿರುವಾಗ, ಹಳಕಟ್ಟಿಯವರು ಲಿಂಗೈಕ್ಯರಾದರು. ಅವರು ನೆಟ್ಟ ಸಸಿಗಳು ಹೆಮ್ಮರಗಳಾದವು. ಬಿಜಾಪುರದ ವಿದ್ಯಾಸಂಸ್ಥೆಯು ಅನೇಕ ಶಾಲಾ ಕಾಲೇಜುಗಳಾಗಿ ಬೆಳೆಯಿತು. ಅವರು ಹಾಕಿದ ಹಾದಿಯಲ್ಲಿ ನಡೆದ ಮುಂದಿನ ಪೀಳಿಗೆಯ ವಿದ್ವಾಂಸರು ಇನ್ನೂ ಅನೇಕ ಪ್ರತಿಗಳನ್ನು ಶೋಧಿಸಿದರು. ಕರ್ನಾಟಕ ಸರಕಾರವು ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. ಇಂದು ಹಳ್ಳಿಯ ಶಾಲೆಯ ಮಗುವೂ ವಚನವನ್ನು ಹೇಳುವುದು. ಆ ಮಗುವಿನ ಬಾಯಿಗೂ ಧೂಳು ಹಿಡಿದ ಆ ಗರಿಗೂ ನಡುವೆ ಸೇತುವೆಯಾಗಿ ನಿಂತವರು ಹಳಕಟ್ಟಿಯವರು.

ಶ್ರೀಮಠದ ಶಿಷ್ಯವೃಂದವು, ಅದರಲ್ಲಿಯೂ ತರುಣರು, ಈ ಚರಿತ್ರದಿಂದ ಕಲಿಯಬೇಕಾದುದು ಸ್ಪಷ್ಟವಾಗಿದೆ. ಧೈರ್ಯವು ಬರಲಿ, ಆಮೇಲೆ ಕಾರ್ಯಕ್ಕೆ ತೊಡಗುವೆನೆಂದು ಕಾಯುವವನಿಗೆ ಧೈರ್ಯವೂ ಬಾರದು, ಕಾರ್ಯವೂ ಆಗದು. ತನ್ನ ಯೋಗ್ಯತೆಯನ್ನು ತೂಗುತ್ತ ಕೂಡುವುದಕ್ಕಿಂತ ಇಂದಿನ ಗರಿಯನ್ನು ಇಂದು ಓದಿ ಮುಗಿಸುವುದು ಲೇಸು. ಗುರಿಯು ತನ್ನೊಬ್ಬನ ಹಿತಕ್ಕಾಗಿ ಇದ್ದಾಗ ಅಂಜಿಕೆಯು ಬಲಿಯುವುದು. ತನಗಿಂತ ಹಿರಿದಾದುದಕ್ಕೆ ಅದನ್ನು ಒಪ್ಪಿಸಿದಾಗ ಅಂಜಿಕೆಗೆ ನೆಲೆಯೇ ತಪ್ಪುವುದು. ಒಬ್ಬ ವಕೀಲರು ತಮ್ಮ ಶಂಕೆಗೆ ಮಣಿದಿದ್ದರೆ ಎಷ್ಟೋ ಶರಣರ ನುಡಿಗಳು ಗೆದ್ದಲಿಗೆ ಆಹಾರವಾಗುತ್ತಿದ್ದವು. ಅವರು ಮಣಿಯದಿದ್ದುದರಿಂದ ನಾಡು ತನ್ನ ದನಿಯನ್ನು ಮರಳಿ ಪಡೆಯಿತು. ಅಂತಹ ಕಾಯಕನಿಷ್ಠೆಯೂ ನಿರ್ಭಯವೃತ್ತಿಯೂ ಭಕ್ತರೆಲ್ಲರಿಗೂ ಉಂಟಾಗಲಿ.