ಕುರ್ದರ ಮಹಾಕವಿ ಅಹಮದ್ ಖಾನಿ

ಪಾರಸಿಕ ಭಾಷೆಯ ರೂಮಿ, ಸಾದಿ, ಹಾಫಿಜ್ ಮೊದಲಾದ ಕವಿಗಳ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿದ್ದಾರೆ. ಆ ಕವಿಗಳ ದಾರಿಯಲ್ಲೇ ನಡೆದು, ಆದರೆ ತನ್ನ ತಾಯ್ನುಡಿಯನ್ನು ಬಿಡದೆ ಹಾಡಿದ ಕುರ್ದ್ ಕವಿ ಅಹಮದ್ ಖಾನಿಯ ಹೆಸರು ಮಾತ್ರ ನಮ್ಮ ಕಿವಿಗೆ ಬಿದ್ದುದು ಕಡಿಮೆ. ಆತನ ಜೀವನವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಖಾನಿಯು ಹುಟ್ಟಿದ್ದು ಹಿಜರಿ 1061ರಲ್ಲಿ, ಅಂದರೆ ಕ್ರಿ. ಶ. 1650-51ರ ಸುಮಾರಿಗೆ. ಅದಕ್ಕೆ ಹಿಂದೆ, 1639ರಲ್ಲಿ, ತುರ್ಕಿಯ ಸುಲ್ತಾನನೂ ಇರಾನಿನ ಷಹನೂ ಒಪ್ಪಂದ ಮಾಡಿಕೊಂಡು ತಮ್ಮ ಗಡಿಯನ್ನು ಗೊತ್ತುಮಾಡಿದ್ದರು. ಕುರ್ದರ ಬೆಟ್ಟದ ನಾಡು ಇಬ್ಬರ ಪಾಲಾಯಿತು. ಆ ನಾಡಿನಲ್ಲಿ ಧರ್ಮಕ್ಕೆ ಅರಬ್ಬಿ, ಕಾವ್ಯಕ್ಕೆ ಪಾರಸಿ, ದರ್ಬಾರಿಗೆ ತುರ್ಕಿ. ಮನೆಗೂ ಕುರಿಯ ಹಟ್ಟಿಗೂ ಕುರ್ದಿ. ಖಾನಿಯು ಈ ನಾಲ್ಕನ್ನೂ ಬಲ್ಲ ಪಂಡಿತನಾಗಿದ್ದನು. ಆದರೂ ಆತನು ತನ್ನ ಕಾವ್ಯಕ್ಕೆ ಆರಿಸಿಕೊಂಡದ್ದು ಹಟ್ಟಿಯ ನುಡಿಯನ್ನು.

ಆತನಿಗೆ ಹಿರಿಯರಿಲ್ಲದೆ ಇರಲಿಲ್ಲ. ಜಜೀರಾ ನಗರದ ಮುಲ್ಲಾ ಜಜೀರಿಯು ಭಗವಂತನನ್ನು ನಲ್ಲೆಯೆಂದು ಭಾವಿಸಿ ಕುರ್ದಿಯಲ್ಲಿ ಗಜಲುಗಳನ್ನು ಹಾಡಿದ್ದನು. ಫಕೀ ತೈರಾನನು ಅದೇ ಭಕ್ತಿಯನ್ನು ಇನ್ನೂ ಸರಳವಾದ ಆಡುಮಾತಿಗೆ ಇಳಿಸಿದ್ದನು. ಈ ಸೂಫಿ ಪರಂಪರೆಯೇ ಖಾನಿಯ ತವರು.

ಮಹಾಕಾವ್ಯಕ್ಕೆ ಕೈಹಾಕುವ ಮೊದಲು ಆತನು ಬರೆದದ್ದು ಮಕ್ಕಳ ಪುಸ್ತಕವನ್ನು ಎಂಬುದು ಗಮನಿಸಬೇಕಾದ ಸಂಗತಿ. 1683ರ 'ನೂಬಹಾರ್' ಎಂಬುದು ಅರಬ್ಬಿ ಶಬ್ದಗಳಿಗೆ ಕುರ್ದಿಯಲ್ಲಿ ಅರ್ಥ ಹೇಳುವ ಪದ್ಯರೂಪದ ನಿಘಂಟು. ಕುರಾನ್ ಓದಿ ಮುಗಿಸಿದ ಹುಡುಗನು ಮುಂದಿನ ವಿದ್ಯೆಗೆ ಹೆದರದಿರಲೆಂದು, ದೊಡ್ಡವರಿಗಾಗಿ ಅಲ್ಲದೆ ಕುರ್ದರ ಮಕ್ಕಳಿಗಾಗಿಯೇ ಇದನ್ನು ರಚಿಸಿದನು. ಬಹುಕಾಲ ಇದು ಕುರ್ದರ ಮದ್ರಸಾಗಳಲ್ಲಿ ಪಠ್ಯವಾಗಿತ್ತು. ಧರ್ಮಶ್ರದ್ಧೆಯ ಮೂಲ ತತ್ತ್ವಗಳನ್ನೂ ಆತನು ಕುರ್ದಿಯ ಪದ್ಯದಲ್ಲಿ ತಿಳಿಸಿದನು.

ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಆತನು ಮುಗಿಸಿದ ಕಾವ್ಯ 'ಮಮ್ ಮತ್ತು ಜೀನ್'. ಇದರಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ದ್ವಿಪದಿಗಳಿವೆ. ಕಥೆ ಜನಪದರದು. ನವರೋಜ್ ಹಬ್ಬದ ದಿನ ಮಮ್ ಎಂಬ ತರುಣನೂ ಜಜೀರಾದ ಅರಸನ ತಂಗಿ ಜೀನಳೂ ಪರಸ್ಪರ ಮನಸೋಲುತ್ತಾರೆ. ಬಕರ್ ಎಂಬ ದ್ವಾರಪಾಲಕನ ಚಾಡಿಯಿಂದ ಮಮ್ ಸೆರೆಮನೆ ಸೇರಿ ಅಲ್ಲಿಯೇ ಪ್ರಾಣ ಬಿಡುತ್ತಾನೆ. ಜೀನಳು ಅವನ ಗೋರಿಯ ಮೇಲೆ ಅಸುನೀಗುತ್ತಾಳೆ. ಖಾನಿಯು ಈ ಲೌಕಿಕ ಪ್ರೇಮವನ್ನು ದೈವಪ್ರೇಮದ ಮೆಟ್ಟಿಲಾಗಿ ಮಾಡಿದನು. ಚಾಡಿಕೋರನನ್ನು ಸಹ ಜೀನಳು ದ್ವೇಷಿಸುವುದಿಲ್ಲ. ಅವನು ಒಡ್ಡಿದ ಅಡ್ಡಿಯಿಂದಲೇ ತಮ್ಮ ಪ್ರೇಮ ಪರಿಶುದ್ಧವಾಯಿತೆಂದು ಅವಳು ತಿಳಿಯುತ್ತಾಳೆ.

ಕಾವ್ಯದ ಆರಂಭದಲ್ಲಿ ದೇವರ ಸ್ತುತಿ, ಪ್ರವಾದಿಯ ಸ್ತುತಿ. ಅದರ ಬೆನ್ನಿಗೇ ಕವಿಯು ತನ್ನ ಜನರ ಒಡಕನ್ನೂ, ಅವರ ನುಡಿಗೆ ಆಶ್ರಯ ಕೊಡುವ ದೊರೆಯಿಲ್ಲದ್ದನ್ನೂ ನೆನೆದು ಮರುಗುತ್ತಾನೆ. ತನ್ನ ಕೃತಿಯನ್ನು ತಾಮ್ರದ ನಾಣ್ಯಕ್ಕೆ ಹೋಲಿಸುತ್ತಾನೆ. ಬೆಲೆ ಕಡಿಮೆಯಿರಬಹುದು, ಆದರೆ ಬೆರಕೆಯಿಲ್ಲ. ಕೆಲವರು ಆತನನ್ನು ಸಂತನೆಂದೂ, ಕೆಲವರು ದೇಶಪ್ರೇಮಿಯೆಂದೂ ಕರೆಯುತ್ತಾರೆ. ಆದರೆ ಆತನಿಗೆ ಇವೆರಡೂ ಬೇರೆಯಾಗಿದ್ದಂತೆ ತೋರುವುದಿಲ್ಲ. ದೇವರ ಮಾತು ಹಟ್ಟಿಯ ಮಗುವಿಗೂ ಅರ್ಥವಾಗಬೇಕು ಎಂಬ ಹಂಬಲದಿಂದಲೇ ಎರಡೂ ಹುಟ್ಟಿದವು.

ಅರಾರತ್ ಪರ್ವತದ ಬಳಿಯ ಬಾಯಜೀದ್ ಪಟ್ಟಣದಲ್ಲಿ ಆತನ ಸಮಾಧಿಯಿದೆ. 1707ರಲ್ಲಿ ಆತನು ಕಾಲವಾದನೆಂದು ಸಾಮಾನ್ಯವಾಗಿ ಹೇಳುತ್ತಾರೆ. ಎರಡು ಶತಮಾನ ಹಸ್ತಪ್ರತಿಗಳಲ್ಲಿಯೂ ಜನರ ನಾಲಗೆಯಲ್ಲಿಯೂ ಉಳಿದ ಕಾವ್ಯವು 1919ರಲ್ಲಿ ಇಸ್ತಾಂಬುಲ್ ನಗರದಲ್ಲಿ ಅಚ್ಚಾಯಿತು. ಮುಂದೆ ತುರ್ಕಿಯಲ್ಲಿ ಕುರ್ದಿ ಭಾಷೆಗೆ ಬಹುಕಾಲ ನಿರ್ಬಂಧವಿತ್ತು. ಕೊನೆಗೆ 2010ರಲ್ಲಿ ಅದೇ ದೇಶದ ಸಂಸ್ಕೃತಿ ಮಂತ್ರಾಲಯವೇ ಈ ಗ್ರಂಥವನ್ನು ಪ್ರಕಟಿಸಿತು.

ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರಿಗೆ ಖಾನಿಯ ಬಾಳು ಒಂದು ಪ್ರಶ್ನೆಯನ್ನು ಕೇಳುತ್ತದೆ. ಕಲಿತ ವಿದ್ಯೆಯನ್ನು ಮನೆಯವರ ಮಾತಿನಲ್ಲಿ ಮನೆಯವರಿಗೆ ತಲುಪಿಸಬಲ್ಲೆವೆ? ಆ ಪಂಡಿತನು ಮಕ್ಕಳಿಗಾಗಿ ಒಂದು ಶಬ್ದಪಟ್ಟಿಯನ್ನು ಮೊದಲು ಬರೆದು, ಆಮೇಲೆ ಮಹಾಕವಿಯಾದನು.