ಧರ್ಮಪ್ರವರ್ತ ರಾವ್ ಬಹದ್ದೂರ್ ಗುಬ್ಬಿ ತೋಟದಪ್ಪನವರು

ಕಾಯಕದಿಂದ ಗಳಿಸಿದ ದ್ರವ್ಯವು ದಾಸೋಹದಲ್ಲಿ ಸಾರ್ಥಕವಾಗಬೇಕೆಂಬುದು ಶಿವಶರಣರು ತೋರಿದ ಮಾರ್ಗವಷ್ಟೆ. ಆ ಮಾರ್ಗವನ್ನು ಧೂಮಶಕಟದ ಕಾಲಕ್ಕೆ ತಕ್ಕಂತೆ ನಡೆಯಿಸಿ ತೋರಿದ ಮಹನೀಯರಲ್ಲಿ ಗುಬ್ಬಿ ತೋಟದಪ್ಪನವರು ಅಗ್ರಗಣ್ಯರು.

ಇವರು 1838ರಲ್ಲಿ ತುಮಕೂರು ಸೀಮೆಗೆ ಸೇರಿದ ಗುಬ್ಬಿಯ ಲಿಂಗಾಯತ ಮನೆತನವೊಂದರಲ್ಲಿ ಜನಿಸಿದರು. ಅಂದು ಮೈಸೂರು ಸೀಮೆಯಲ್ಲಿ ರೈಲುಹಾದಿಯೆಂಬುದಿರಲಿಲ್ಲ. ವರ್ತಕರ ಸರಕು ಗಾಡಿಗಳ ಮೇಲೆಯೂ ಹೇರೆತ್ತುಗಳ ಬೆನ್ನಿನ ಮೇಲೆಯೂ ಸಾಗಬೇಕಾಗಿದ್ದಿತು. ಹರಿಹರದಲ್ಲಿ ತುಂಗಭದ್ರೆಯನ್ನು ದಾಟುವವರಿಗೆ ಹರಿಗೋಲೇ ಗತಿ. ಹೊಳೆಯು ತುಂಬಿ ಹರಿದರೆ ಯಾತ್ರಿಕರೂ ಸರಕೂ ದಡದಲ್ಲಿಯೇ ನಿಲ್ಲಬೇಕು. ತೋಟದಪ್ಪನವರ ಕುಟುಂಬವು ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ಅಂಗಡಿಯನ್ನಿಟ್ಟು ವ್ಯಾಪಾರದಲ್ಲಿ ನೆಲೆಗೊಂಡಿತು.

ಅವರ ಕಣ್ಣೆದುರಿನಲ್ಲಿಯೇ ನಾಡಿನ ಸಂಚಾರವು ಮಾರ್ಪಟ್ಟಿತು. 1864ರಲ್ಲಿ ಮದರಾಸಿನ ಕಡೆಯ ರೈಲು ಬೆಂಗಳೂರಿನ ದಂಡುಪ್ರದೇಶವನ್ನು ಮುಟ್ಟಿತು. 1868ರಲ್ಲಿ ಬೆಂಗಳೂರು ಧಾರವಾಡಗಳ ಹೆದ್ದಾರಿಗಾಗಿ ಹರಿಹರದಲ್ಲಿ ತಲಾ 60 ಅಡಿ ಅಗಲದ 14 ಕಮಾನುಗಳುಳ್ಳ ಸೇತುವೆಯು ಸಿದ್ಧವಾಯಿತು. 1876ರಿಂದ 1878ರವರೆಗಿನ ಘೋರ ಕ್ಷಾಮದಲ್ಲಿ, ಹಾದಿಯಿಲ್ಲದ ಊರುಗಳಿಗೆ ಧಾನ್ಯವನ್ನು ಮುಟ್ಟಿಸುವುದೆಷ್ಟು ಕಷ್ಟವೆಂಬುದನ್ನು ನಾಡು ಪ್ರಾಣಗಳನ್ನು ತೆತ್ತು ಕಲಿಯಿತು. ಆ ಬಳಿಕ ರೈಲುಹಾದಿಯು 1884ರಲ್ಲಿ ತುಮಕೂರನ್ನು ಸೇರಿ, ಗುಬ್ಬಿ, ತಿಪಟೂರು, ಅರಸೀಕೆರೆ, ಬೀರೂರು, ದಾವಣಗೆರೆಗಳ ಮೂಲಕ 1889ರಲ್ಲಿ ಹರಿಹರವನ್ನು ಮುಟ್ಟಿತು.

ಹಾದಿಯು ಸುಗಮವಾದೊಡನೆ ಹೊಸದೊಂದು ಕಷ್ಟವೂ ತಲೆದೋರಿತು. ವ್ಯಾಪಾರಕ್ಕೋ ನ್ಯಾಯಸ್ಥಾನಕ್ಕೋ ವಿದ್ಯೆಗೋ ರಾಜಧಾನಿಗೆ ಬಂದಿಳಿದ ಹಳ್ಳಿಯವರಿಗೆ ಅಪರಿಚಿತವಾದ ಪಟ್ಟಣದಲ್ಲಿ ತಂಗುವ ನೆರಳೆಲ್ಲಿ? ಸ್ನಾನಮಾಡಿ ಲಿಂಗಪೂಜೆಯನ್ನು ಮುಗಿಸಿ ಪ್ರಸಾದವನ್ನು ಸ್ವೀಕರಿಸುವ ಸ್ಥಳವೆಲ್ಲಿ? ಗಾಡಿಯಲ್ಲಿ ಪಯಣಿಸುವವರಿಗೆ ಊರೂರಿನ ಮಠ ಛತ್ರಗಳು ಆಶ್ರಯವಾಗಿದ್ದುವು. ಒಂದೇ ದಿನದಲ್ಲಿ ಅವನ್ನೆಲ್ಲ ದಾಟಿಸಿ ತರುವ ರೈಲು, ನಿಲ್ದಾಣದಲ್ಲಿ ಇಳಿಸಿದ ಮೇಲೆ ಯಾರನ್ನೂ ವಿಚಾರಿಸದು.

ತೋಟದಪ್ಪನವರಿಗೆ ಗೌರಮ್ಮ, ಪುಟ್ಟತಾಯಮ್ಮ ಎಂಬ ಇಬ್ಬರು ಧರ್ಮಪತ್ನಿಯರಿದ್ದರೂ ಸಂತಾನಭಾಗ್ಯವಿರಲಿಲ್ಲ. ಆಸ್ತಿಯುಳ್ಳ ಗೃಹಸ್ಥನಿಗೆ ಇದು ಸಣ್ಣ ಪರೀಕ್ಷೆಯಲ್ಲ. ಅವರು ತಮ್ಮ ಐಶ್ವರ್ಯಕ್ಕೆ ಲೋಕವನ್ನೇ ವಾರಸುದಾರನನ್ನಾಗಿ ಮಾಡಲು ನಿಶ್ಚಯಿಸಿದರು. 1897ರಲ್ಲಿ ರೈಲ್ವೆಯವರಿಂದ ಎರಡೂವರೆ ಎಕರೆ ನೆಲವನ್ನು ಕ್ರಯಕ್ಕೆ ಪಡೆದು, ಬೆಂಗಳೂರು ನಗರದ ರೈಲು ನಿಲ್ದಾಣದ ಸಮೀಪದಲ್ಲಿಯೇ ಧರ್ಮಛತ್ರವನ್ನು ಕಟ್ಟಿಸಿದರು. 1903ನೆಯ ಫೆಬ್ರವರಿ 11ರಂದು ಅದರ ಪ್ರಾರಂಭೋತ್ಸವವು ನೆರವೇರಿತು. 1905ರಲ್ಲಿ ಲಿಂಗಾಯತ ವಿದ್ಯಾರ್ಥಿಗಳಿಗಾಗಿ ಉಚಿತ ವಿದ್ಯಾರ್ಥಿನಿಲಯವೂ ಏರ್ಪಟ್ಟಿತು. ರೈಲು ಹತ್ತಿಸಲು ಶಕ್ತಿಯಿದ್ದರೂ ಪಟ್ಟಣದಲ್ಲಿ ಊಟ ವಸತಿಗಳಿಗೆ ಹಣ ತೆರಲಾರದ ತಂದೆತಾಯಿಗಳಿಗೆ ಮಕ್ಕಳ ಉಚ್ಚ ವಿದ್ಯೆಯ ಬಾಗಿಲು ಹೀಗೆ ತೆರೆಯಿತು.

ನಾಲ್ವಡಿ ಕೃಷ್ಣರಾಜ ಒಡೆಯರವರು ಇವರಿಗೆ ಧರ್ಮಪ್ರವರ್ತ ಎಂಬ ಬಿರುದನ್ನು ದಯಪಾಲಿಸಿದರು. ಆಂಗ್ಲ ಸರ್ಕಾರದಿಂದ ರಾವ್ ಬಹದ್ದೂರ್ ಪದವಿಯೂ ಪ್ರಾಪ್ತವಾಯಿತು. ದಾತೃವಿನೊಡನೆಯೇ ದಾನವೂ ಅಳಿಯಬಾರದೆಂದು, ಅಂತ್ಯಕಾಲದಲ್ಲಿ ಅವರು ಸಮಸ್ತ ಆಸ್ತಿಯನ್ನೂ ಧರ್ಮಸಂಸ್ಥೆಗೆ ವಹಿಸಿ, ಶ್ರೀ ಕೆ. ಪಿ. ಪುಟ್ಟಣ್ಣಚೆಟ್ಟರನ್ನು ಅದರ ಅಧ್ಯಕ್ಷರನ್ನಾಗಿ ನಿಯಮಿಸಿದರು. 1910ನೆಯ ಫೆಬ್ರವರಿ 21ರಂದು ತಮ್ಮ 72ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು.

ಹೊಳೆಗೆ ಸೇತುವೆಯನ್ನು ಕಟ್ಟುವುದು ರಾಜರ ಕಾರ್ಯ. ದಾಟಿಬಂದ ಜಂಗಮಕ್ಕೆ ಇಂಬುಗೊಡುವುದು ಭಕ್ತನ ಕಾರ್ಯ. ಆ ಎರಡನೆಯ ಕಾರ್ಯವನ್ನು ಅಂಗಡಿಯಲ್ಲಿ ಕುಳಿತು ಗಳಿಸಿದ ಹಣದಿಂದ ಪೂರೈಸಿದ ಈ ಶರಣರ ನಡೆಯು ಶಿಷ್ಯಸಮೂಹಕ್ಕೆ ಸದಾ ಅನುಕರಣೀಯವಾಗಿದೆ.