ಗುಬ್ಬಿಯ ಹೆಲಿಕಾಪ್ಟರ್ ಕಾರ್ಖಾನೆಗೆ ಮಿರ್ಜಾ ಹಾಕಿದ ಬುನಾದಿ

ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯಲ್ಲಿ ತಲೆ ಎತ್ತಿರುವ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಗೊಂಡಿತು. ಈ ಸಂಸ್ಥೆ ಕನ್ನಡ ನಾಡಿನಲ್ಲಿ ನೆಲೆಯೂರಲು ಕಾರಣರಾದವರಲ್ಲಿ ಮೈಸೂರು ಸಂಸ್ಥಾನದ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಪ್ರಮುಖರು. ನಗರಗಳನ್ನು ಅಂದಗೊಳಿಸಿದ ದಿವಾನರೆಂದೇ ಜನಮಾನಸದಲ್ಲಿ ಉಳಿದಿರುವ ಅವರು, ಕೈಗಾರಿಕೆಯ ವಿಷಯದಲ್ಲಿ ಅಷ್ಟೇ ದೂರದೃಷ್ಟಿ ಹೊಂದಿದ್ದರು.

ಮಿರ್ಜಾ ಜನಿಸಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ. ತಾತ ಅಲಿ ಅಸ್ಕರ್ ಪರ್ಷಿಯಾದ ಶಿರಾಜ್‌ನಿಂದ ಬಂದು ನೆಲೆಸಿದ ಕುದುರೆ ವ್ಯಾಪಾರಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸಹಪಾಠಿಯಾಗಿದ್ದ ಮಿರ್ಜಾ, ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು ಸಂಸ್ಥಾನದ ಸೇವೆಗೆ ಸೇರಿದರು. ಮಹಾರಾಜರ ಆಪ್ತ ಕಾರ್ಯದರ್ಶಿಯಾಗಿ ಪಳಗಿದ ಅವರು 1926ರಲ್ಲಿ ದಿವಾನರಾದರು.

ಸಂಸ್ಥಾನದ ಕೈಗಾರಿಕೀಕರಣಕ್ಕೆ ವಿಶ್ವೇಶ್ವರಯ್ಯ ಅವರು ಅದಾಗಲೇ ದಾರಿ ತೋರಿದ್ದರು. ಮಿರ್ಜಾ ಅದನ್ನು ಮುಂದುವರಿಸಿದರು. ಖಾಸಗಿ ಬಂಡವಾಳವನ್ನು ಆಹ್ವಾನಿಸುವುದು, ಜೊತೆಗೆ ಸರ್ಕಾರವೂ ಪಾಲು ಹಾಕುವುದು ಅವರ ಕ್ರಮವಾಗಿತ್ತು. ಮಂಡ್ಯದ ಸಕ್ಕರೆ ಕಂಪನಿ, ಭದ್ರಾವತಿಯ ಕಾಗದ ಕಾರ್ಖಾನೆ, ಬೆಂಗಳೂರಿನ ಮೈಸೂರು ಲ್ಯಾಂಪ್ಸ್ ಇವೆಲ್ಲ 1930ರ ದಶಕದ ಕೊಡುಗೆಗಳು. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಮಾರ್ಕೋನಹಳ್ಳಿ ಜಲಾಶಯ ನಿರ್ಮಾಣವಾದದ್ದೂ ಅದೇ ದಶಕದಲ್ಲಿ.

ಎಲ್ಲ ಯತ್ನಗಳೂ ಕೈಗೂಡಲಿಲ್ಲ. ವಿಶ್ವೇಶ್ವರಯ್ಯ ಹಾಗೂ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಮೋಟಾರು ಕಾರ್ಖಾನೆ ಯೋಜನೆಗೆ ಮಿರ್ಜಾ ಬೆಂಬಲವಾಗಿ ನಿಂತರೂ ಬ್ರಿಟಿಷ್ ಸರ್ಕಾರದ ಅಸಮ್ಮತಿಯಿಂದ ಅದು ಮೈಸೂರಿನ ಕೈತಪ್ಪಿತು. ಸಂಸ್ಥಾನದ ಕೈಗಾರಿಕಾ ನಿರ್ಧಾರಗಳ ಮೇಲೂ ಹೊರಗಿನ ಹಿಡಿತವಿತ್ತು ಎಂಬುದಕ್ಕೆ ಇದು ನಿದರ್ಶನ.

ಆದರೆ ವಾಲ್‌ಚಂದ್ ಅವರ ವಿಮಾನ ಕಾರ್ಖಾನೆಗೆ ಮಿರ್ಜಾ ಭೂಮಿ, ವಿದ್ಯುತ್ ಹಾಗೂ ಸಂಸ್ಥಾನದ ಷೇರು ಬಂಡವಾಳ ಒದಗಿಸಿದರು. 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಬೆಂಗಳೂರಿನಲ್ಲಿ ಜನ್ಮ ತಾಳಿತು. ಮಹಾಯುದ್ಧದ ಅಗತ್ಯ ಇದಕ್ಕೆ ಒತ್ತಾಸೆಯಾಯಿತು. 1964ರಲ್ಲಿ ಇದೇ ಎಚ್‌ಎಎಲ್ ಆಯಿತು.

ಅವರ ಆಡಳಿತ ಟೀಕೆಗೂ ಗುರಿಯಾಯಿತು. ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ಚಳವಳಿಯನ್ನು ಅವರು ಬಿಗಿಯಾಗಿ ಎದುರಿಸಿದರು. 1938ರ ವಿದುರಾಶ್ವತ್ಥ ಗೋಲಿಬಾರ್ ಅವರ ಅವಧಿಯ ಕಪ್ಪುಚುಕ್ಕೆ. 1940ರಲ್ಲಿ ನಾಲ್ವಡಿಯವರು ಕಾಲವಾದರು. ಮರುವರ್ಷ ಮಿರ್ಜಾ ರಾಜೀನಾಮೆ ನೀಡಿದರು. ಮುಂದೆ ಜೈಪುರ ಹಾಗೂ ಹೈದರಾಬಾದ್ ಸಂಸ್ಥಾನಗಳ ಆಡಳಿತ ನಡೆಸಿದ ಅವರು 1959ರ ಜನವರಿ 5ರಂದು ನಿಧನರಾದರು.

ಅವರ ನೀತಿಯ ಬೆಲೆ ಹಾಗೂ ಮಿತಿ ಎರಡನ್ನೂ ಇಂದಿನ ತುಮಕೂರಿನಲ್ಲಿ ಕಾಣಬಹುದು. ನಗರಕ್ಕೆ 1978ರಲ್ಲಿ ಬಂದ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ದುಡಿಮೆಯ ಜೊತೆಗೆ ಸೂಕ್ಷ್ಮ ಯಂತ್ರಕೌಶಲವನ್ನೂ ತಂದಿತ್ತು. ಕ್ವಾರ್ಟ್ಜ್ ಗಡಿಯಾರಗಳ ಪೈಪೋಟಿ, ನಿರಂತರ ನಷ್ಟಗಳಿಂದ ಕಂಗೆಟ್ಟ ಎಚ್‌ಎಂಟಿ ವಾಚಸ್ ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ಕಾರ್ಖಾನೆಯ ಆವರಣ ಇಸ್ರೊ ಪಾಲಾಯಿತು. ಕಾರ್ಮಿಕರ ಕೈಯಲ್ಲಿದ್ದ ಕಸುಬು ಮಾತ್ರ ಚದುರಿತು. ಗುಬ್ಬಿಯ ಹೆಲಿಕಾಪ್ಟರ್ ಕಾರ್ಖಾನೆಗೆ ಅಡಿಗಲ್ಲು ಬಿದ್ದದ್ದೂ ಅದೇ ವರ್ಷ.

ವಸಂತನರಸಾಪುರ, ಹಿರೇಹಳ್ಳಿ, ಕುಣಿಗಲ್ ಬಳಿಯ ಅಂಚೆಪಾಳ್ಯಗಳಲ್ಲಿ ಕೈಗಾರಿಕಾ ಪ್ರದೇಶಗಳು ಬೆಳೆದಿವೆ. ರೈತರ ಭೂಮಿ ಸ್ವಾಧೀನಪಡಿಸಿಕೊಂಡು ನಿವೇಶನ ಹಂಚಿದ ಮಾತ್ರಕ್ಕೆ ಸರ್ಕಾರದ ಹೊಣೆ ಮುಗಿಯುವುದಿಲ್ಲ. ದೊಡ್ಡ ಕಾರ್ಖಾನೆಯ ಬಿಡಿಭಾಗಗಳ ಬೇಡಿಕೆ ಸ್ಥಳೀಯ ಸಣ್ಣ ಘಟಕಗಳಿಗೆ ದಕ್ಕಬೇಕು, ಐಟಿಐ ಓದಿದ ಹಳ್ಳಿಯ ಯುವಕರಿಗೆ ಅಲ್ಲಿ ಕೆಲಸ ಸಿಗಬೇಕು. ಉದ್ಯಮದಲ್ಲಿ ಸಂಸ್ಥಾನವೇ ಪಾಲುದಾರನಾಗಬೇಕೆಂದು ನಂಬಿದ್ದ ಮಿರ್ಜಾ ಅವರ ಬದುಕು ಇಂದಿನ ಆಡಳಿತಗಾರರಿಗೆ ನೆನಪಿಸುವುದು ಇದನ್ನೇ.